ನಾಲ್ಕೂವರೆಯ ಗೆರೆ

ನಮ್ಮೂರಿನ ಹೆಸರನ್ನು ಬಿಡಿಸಿ ಹೇಳಿದರೆ
ಒಲೆಯ ಕಣಿವೆ. ಇಟ್ಟವನು ಸುಳ್ಳನಲ್ಲ.
ಅಲೆಂತೇಜು ಬಯಲಿಗೆ ಆಗಸ್ಟ್ ಬಂತೆಂದರೆ
ಕಲ್ಲಿನ ಸಂದಿಯ ಹಲ್ಲಿಗೂ ಬಾಯಾರಿಕೆ.
ಅಂಥ ಊರಿನ ವಾದ್ಯಮೇಳ, ತೊಂಬತ್ತು ವರ್ಷದಿಂದ,
ಆಗಸ್ಟಿನ ಮೂರನೆಯ ಭಾನುವಾರ, ಚೌಕದ ನಟ್ಟನಡುವೆ,
ಸಂಜೆ ನಾಲ್ಕಕ್ಕೆ (ಸಂಜೆ ಅನ್ನುವುದು ಬಾಯಿಮಾತು)
ಉಣ್ಣೆಯ ಕೋಟು, ಕುತ್ತಿಗೆವರೆಗೆ ಗುಂಡಿ,
ಊದುತ್ತದೆ. ನಾನು ದೊಡ್ಡ ಡೋಲಿನವನು.
ಬಾರಿಸುತ್ತೇನೆ, ಬೆವರುತ್ತೇನೆ, ಅಷ್ಟೇ.

ಲಿಯೊನಿಲ್ಡಳೂ ಬೆವರುವವಳೇ. ಆದರೆ
ಅವಳ ನರಗಳ ಮೇಲಿನ ಹೊದಿಕೆ
ಇಲಿ ಕಡಿದ ತಂತಿಯ ರಬ್ಬರಿನಂತೆ ಅಲ್ಲಲ್ಲಿ ಹೋಗಿದೆ.
ಮೈ ಅರ್ಧ ಡಿಗ್ರಿ ಏರಿದರೆ ಸಾಕು,
ಎಡಗಣ್ಣಿಗೆ ಹಬೆ ಕಟ್ಟುತ್ತದೆ,
ಹಾಳೆಯ ಮೇಲಿನ ಸ್ವರಗಳು
ಸಕ್ಕರೆ ಕಂಡ ಇರುವೆಗಳಂತೆ ಸಾಲು ಬಿಡುತ್ತವೆ,
ಬೆರಳಿಗೆ ಕ್ಲಾರಿನೆಟ್ಟಿನ ತೂತು ಸಿಗುವುದಿಲ್ಲ.
ತಣ್ಣಗಾದರೆ ಎಲ್ಲ ಮರಳುತ್ತದೆ.
"ನಾನು ಸಾಯುವುದಿಲ್ಲ, ಅಬೀಲಿಯು ಮೇಷ್ಟ್ರೇ,
ಮಾಸುತ್ತೇನೆ," ಅಂದಳು ಮೇ ತಿಂಗಳ ಸಭೆಯಲ್ಲಿ,
"ಹಗಲಿನ ಚಂದ್ರನ ಹಾಗೆ. ರಾತ್ರಿ ಒಂಬತ್ತಕ್ಕೆ ನುಡಿಸೋಣ."

ಟ್ಯೂಬಾದ ಕುಸ್ತೋಡಿಯು ಬೆಂಚು ಗುದ್ದಿದ:
ಅಜ್ಜಂದಿರು ಬಿಸಿಲಿಗೆ ಹೆದರಿದ್ದರೇ?
ಒಬ್ಬಳಿಗಾಗಿ ಊರೇ ಗಡಿಯಾರ ತಿರುಗಿಸಬೇಕೇ?
ಯಾರೋ ಛತ್ರಿ ಹಿಡಿಸೋಣ ಎಂದರು. ಯಾರೋ
ಈ ಒಂದು ವರ್ಷ ಅವಳು ಕೂತು ಕೇಳಲಿ ಎಂದರು,
ಪಾಪ, ಎಂಬ ಮಾತನ್ನೂ ಸೇರಿಸಿದರು.
ಆ ಪಾಪವನ್ನು ಮೇಜಿನ ಮೇಲೆ ಹಾಗೇ ಬಿಟ್ಟು
"ಕಣಜದ ಗೋಡೆಗೆ ನೆರಳಿದೆಯಲ್ಲ," ಎಂದಳು,
"ಅದು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ,
ಯಾರಾದರೂ ನೋಡಿದ್ದೀರಾ?"

ತೊಂಬತ್ತು ವರ್ಷ. ಯಾರೂ ನೋಡಿರಲಿಲ್ಲ.

ಹೀಗೆ, ಹಿಂದಿನ ಶನಿವಾರ, ಶಾಲೆಯ ಸೀಮೆಸುಣ್ಣ ಹಿಡಿದು
ನಾನು ನೆರಳು ಅಳೆಯುವವನಾದೆ.
ಎರಡಕ್ಕೆ ಅದು ಗೋಡೆಬುಡದ ಬೆಕ್ಕಿಗೆ ಸಾಲದು.
ಮೂರಕ್ಕೆ ಕೊಳಲಿನವರಿಬ್ಬರು.
ನಾಲ್ಕಕ್ಕೆ ಹನ್ನೊಂದು ಕುರ್ಚಿ, ಟ್ಯೂಬಾದ ಬಾಯಿ ಹೊರಗೆ.
ನಾಲ್ಕೂವರೆಗೆ ಇಡೀ ಮೇಳ.
ಗೆರೆ ಎಳೆದು, ಮಂಡಿಯೂರಿ, ಕೈ ಆಚೆ ಇಟ್ಟೆ, ಈಚೆ ಇಟ್ಟೆ.
ಎರಡೂ ಕಡೆ ಕಲ್ಲು ಸುಡುತ್ತಲೇ ಇತ್ತು,
ಮುಂಗೈಗೆ ಮಾತ್ರ ಗೊತ್ತಾಯಿತು.
ಇಷ್ಟಕ್ಕೇನಾ ಅಷ್ಟು ಬೆಂಚು ಗುದ್ದಿದ್ದು,
ಅರ್ಧ ಗಂಟೆಗೆ?

ಭಾನುವಾರ ಮೇಷ್ಟ್ರು ಗಡಿಯಾರ ನೋಡಲಿಲ್ಲ, ನೆಲ ನೋಡಿದರು.
ನೆರಳು ಗೆರೆ ಮುಟ್ಟಿತು. ಕೋಲೆತ್ತಿದರು.
ಕೋಟುಗಳೆಲ್ಲ ಕುರ್ಚಿಯ ಬೆನ್ನಿಗೆ;
ನಮ್ಮ ಬರಿಯ ಅಂಗಿತೋಳು ನೋಡಿ
ಚರ್ಚಿನ ಹೆಂಗಸರು ಒಂದು ಗಳಿಗೆ ನಕ್ಕರು.

ಆಮೇಲೆ ಬಾಗಿಲುಗಳು ತೆರೆದವು.
ಡೋಲಿನವನಿಗೆ ಬಿಡುವು ಜಾಸ್ತಿ, ಹಾಗಾಗಿ ಕಂಡೆ:
ಏಳು ತಿಂಗಳ ಬಸುರಿ ಎಡೀತ, ಕಾಲ ಕೆಳಗೆ ಮಣೆ;
ರಕ್ತದೊತ್ತಡದ ಮಾತ್ರೆಗೆ ತಲೆ ತಿರುಗುವ ಅಂಚೆಯ ಹಳಬ;
ಬೆವರೇ ಹುಟ್ಟದ ಮೈಯ ಹುಡುಗ ಜೆರ್ವಾಸಿಯು,
ಒದ್ದೆ ಬನಿಯನ್ನು, ಕೈಯಲ್ಲಿ ನೀರಿನ ಪಿಚಕಾರಿ.
ಇವರೆಲ್ಲ ಇಷ್ಟು ವರ್ಷ ಮುಚ್ಚಿದ ಕಿಟಕಿಯ ಹಿಂದೆ
ನನ್ನ ಡೋಲನ್ನಷ್ಟೇ ಕೇಳಿದ್ದರಂತೆ,
ಗೋಡೆ ದಾಟುವುದು ಅದೊಂದೇ.
ಕ್ಲಾರಿನೆಟ್ಟೂ ಇದೆಯಾ, ಎಂದ ಹುಡುಗ.

ಇತ್ತು. ಮೂರನೆಯ ಮಾರ್ಚಿನವರೆಗೆ.
ನೆರಳಲ್ಲೂ ಮೂವತ್ತೆಂಟು;
ಸುಣ್ಣದ ಗೆರೆ ಗಾಳಿಯನ್ನು ತಡೆಯುವುದಿಲ್ಲ.
ಲಿಯೊನಿಲ್ಡ ವಾದ್ಯ ಮಡಿಲಿಗಿಳಿಸಿ,
ಐಸಿನ ಬಟ್ಟೆ ಕುತ್ತಿಗೆಗೆ ಸುತ್ತಿ, ಕಣ್ಣು ಮುಚ್ಚಿದಳು.
ಪಕ್ಕದ ಹುಡುಗಿ ಅವಳ ಭಾಗವನ್ನೂ ಊದಿದಳು, ಕೆಟ್ಟದಾಗಿ.
ಯಾರೂ ಪಾಪ ಅನ್ನಲಿಲ್ಲ.
ಐದನೆಯದಕ್ಕೆ ತಿರುಗಿ ಎತ್ತಿಕೊಂಡಳು,
ಒಂದು ಆವರ್ತ ತಡವಾಗಿ.

ರಾತ್ರಿ ಊರಿಗೆ ಊರೇ ಒಂದು ನೆರಳು.
ಮಕ್ಕಳು ನನ್ನ ಗೆರೆಗಳ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದರು,
ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ನಾಲ್ಕೂವರೆಗೆ,
ಒಂದೇ ಕಾಲಲ್ಲಿ.
ಕುಸ್ತೋಡಿಯು ಟ್ಯೂಬಾದ ಎಂಜಲುನೀರು ಚೆಲ್ಲುತ್ತ,
ಆಗಷ್ಟೇ ತನಗೇ ಹೊಳೆದಂತೆ, ಕೇಳಿದ:
ಮುಂದಿನ ವರ್ಷ ಒಂಬತ್ತಕ್ಕೆ ಇಟ್ಟರೆ ಹೇಗೆ?